ಹೆಸರಿಲ್ಲದ ರೀಲುಗಳು: ಮೂಕಿಯುಗದ ನಿರ್ದೇಶಕಿ ಆಲಿಸ್ ಗೀ

ನಮ್ಮ ಕಾರ್ಯಕ್ರಮಗಳ ಕೊನೆಯಲ್ಲಿ ಹೆಸರುಗಳ ಸಾಲೊಂದು ಪರದೆಯ ಮೇಲೆ ಕೆಳಗಿನಿಂದ ಮೇಲಕ್ಕೆ ಸರಿದು ಹೋಗುವುದನ್ನು ನೀವು ನೋಡಿರುತ್ತೀರಿ, ನೋಡದೆಯೂ ಇರಬಹುದು. ಬಹುಪಾಲು ವೀಕ್ಷಕರು ಆ ಹೊತ್ತಿಗೆ ಎದ್ದು ಅಡಿಗೆಮನೆಯ ಕಡೆಗೆ ಹೋಗಿರುತ್ತಾರೆ. ಅದರಲ್ಲಿ ತಪ್ಪೇನೂ ಇಲ್ಲ. ಛಾಯಾಗ್ರಹಣ ಯಾರದು, ಸಂಕಲನ ಯಾರದು ಎಂಬುದು ಆ ಕ್ಷಣಕ್ಕೆ ಯಾರಿಗೂ ಬೇಕಾದ ಸಂಗತಿಯಲ್ಲ. ಬೇಕಾಗುವುದು ಐವತ್ತು ವರ್ಷಗಳ ನಂತರ, ಆ ಕಾರ್ಯಕ್ರಮವನ್ನು ಮಾಡಿದವರಾರು ಎಂದು ಯಾರಾದರೂ ಕೇಳಿದಾಗ.

ಚಲನಚಿತ್ರದ ಮೊದಲ ಹದಿನೈದು ವರ್ಷಗಳಲ್ಲಿ ಇಂಥ ಹೆಸರುಗಳ ಸಾಲು ಇರಲಿಲ್ಲ. ನಟರ ಹೆಸರಿಲ್ಲ, ಕತೆಗಾರನ ಹೆಸರಿಲ್ಲ, ನಿರ್ದೇಶಕನ ಹೆಸರಂತೂ ಇಲ್ಲವೇ ಇಲ್ಲ. ರೀಲಿನ ಮೇಲೆ ಇರುತ್ತಿದ್ದುದು ಕಂಪನಿಯ ಗುರುತು ಮಾತ್ರ. ಹೀಗಾಗಿ ಆ ಕಾಲದಲ್ಲಿ ನೂರಾರು ಚಿತ್ರಗಳನ್ನು ಮಾಡಿದವರೊಬ್ಬರು ತಮ್ಮ ಮುಪ್ಪಿನಲ್ಲಿ, 'ಇವನ್ನು ಮಾಡಿದವಳು ನಾನು' ಎಂದು ಕಾಗದ ಬರೆದು ತಿಳಿಸಬೇಕಾದ ಪರಿಸ್ಥಿತಿ ಬಂತು. ಅವರೇ ಫ್ರಾನ್ಸಿನ ಆಲಿಸ್ ಗೀ. ಮದುವೆಯ ನಂತರ ಆಲಿಸ್ ಗೀ ಬ್ಲಾಷೆ. ಜಗತ್ತಿನ ಮೊದಲ ಚಲನಚಿತ್ರ ನಿರ್ದೇಶಕಿ ಎಂದು ಇಂದು ಅವರನ್ನು ಗುರುತಿಸಲಾಗುತ್ತದೆ. ಕತೆಯುಳ್ಳ ಚಿತ್ರಗಳನ್ನು ಮಾಡಿದ ಮೊದಲ ಕೆಲವೇ ಮಂದಿಯಲ್ಲಿ ಅವರೊಬ್ಬರು ಎಂಬುದು ನನ್ನ ದೃಷ್ಟಿಯಲ್ಲಿ ಅದಕ್ಕಿಂತ ದೊಡ್ಡ ಮಾತು. ಮಾತುಕತೆಯ ಸೀಮಿತ ಅವಧಿಯಲ್ಲಿ ಹೇಳಲಾಗದ ಕೆಲವು ವಿವರಗಳನ್ನು ಇಲ್ಲಿ ಬರೆಯುತ್ತಿದ್ದೇನೆ. ಅವರ ಕೆಲಸ ಹೇಗಿತ್ತು, ಅದು ಹೇಗೆ ಮರೆಯಾಯಿತು ಎಂಬ ಎರಡನ್ನೂ ಒಟ್ಟಿಗೆ ನೋಡಿದರೆ ಮಾತ್ರ ಅವರ ಕತೆ ಅರ್ಥವಾಗುತ್ತದೆ.

ಬೆರಳಚ್ಚಿನ ಮೇಜಿನಿಂದ

ಆಲಿಸ್ ಹುಟ್ಟಿದ್ದು 1873ರ ಜುಲೈ 1ರಂದು, ಪ್ಯಾರಿಸ್ಸಿಗೆ ಅಂಟಿಕೊಂಡಂತಿರುವ ಸ್ಯಾಂ-ಮಾಂಡೆಯಲ್ಲಿ. ತಂದೆ ದಕ್ಷಿಣ ಅಮೆರಿಕದ ಚಿಲಿ ದೇಶದಲ್ಲಿ ಪುಸ್ತಕದ ಅಂಗಡಿಗಳನ್ನು ಇಟ್ಟುಕೊಂಡಿದ್ದವರು. ಮಗುವಿನ ಮೊದಲ ವರ್ಷಗಳು ಸ್ವಿಟ್ಜರ್ಲೆಂಡಿನಲ್ಲಿ ಅಜ್ಜಿಯ ಮನೆಯಲ್ಲಿ ಕಳೆದವು. ಆಮೇಲೆ ಸ್ವಲ್ಪ ಕಾಲ ಚಿಲಿ. ಆಮೇಲೆ ಮತ್ತೆ ಯೂರೋಪಿನ ಕಾನ್ವೆಂಟ್ ಶಾಲೆ. ವ್ಯಾಪಾರ ಮುಳುಗಿತು, ತಂದೆ ತೀರಿಕೊಂಡರು. ತಾಯಿಯನ್ನು ನೋಡಿಕೊಳ್ಳುವ ಹೊಣೆ ಹೆಗಲಿಗೆ ಬಿದ್ದಾಗ ಈ ಹುಡುಗಿ ಆಗ ಹೊಸದಾಗಿದ್ದ ವಿದ್ಯೆಯೊಂದನ್ನು ಕಲಿತಳು. ಅದು ಶೀಘ್ರಲಿಪಿ ಮತ್ತು ಬೆರಳಚ್ಚು.

1894ರಲ್ಲಿ ಅವರು ಕೆಲಸಕ್ಕೆ ಸೇರಿದ್ದು ಕ್ಯಾಮೆರಾ ಮತ್ತು ಛಾಯಾಗ್ರಹಣದ ಸಾಮಗ್ರಿ ಮಾರುವ ಕಂಪನಿಯೊಂದಕ್ಕೆ. ಅಲ್ಲಿ ಮೇಲ್ವಿಚಾರಕರಾಗಿದ್ದವರು ಲಿಯೋಂ ಗೋಮೋಂ. ಮರುವರ್ಷ ಮಾಲೀಕರು ಬದಲಾಗಬೇಕಾಗಿ ಬಂದಾಗ ಗೋಮೋಂ ಕೆಲವರ ಬಂಡವಾಳ ಪಡೆದು ಕಂಪನಿಯನ್ನು ತಾವೇ ಕೊಂಡರು. ಬಂಡವಾಳ ಹಾಕಿದವರಲ್ಲಿ ಗುಸ್ತಾವ್ ಐಫೆಲ್ ಒಬ್ಬರು; ಪ್ಯಾರಿಸ್ಸಿನ ಗೋಪುರ ಕಟ್ಟಿದ ಅದೇ ಐಫೆಲ್. ಅಂಥ ಮೇಧಾವಿಗಳು ಬಂದುಹೋಗುತ್ತಿದ್ದ ಕಚೇರಿಯಲ್ಲಿ ಕಾಗದ ಬೆರಳಚ್ಚು ಮಾಡುತ್ತಾ ಆಲಿಸ್ ಮಸೂರ, ರಾಸಾಯನಿಕ, ಕಾಗದ ಇವುಗಳ ವಿಷಯವನ್ನೆಲ್ಲ ಕಿವಿಯಿಂದಲೇ ಕಲಿತರು. ವಿಜ್ಞಾನದ ಪದವಿ ಪಡೆದು ಈ ಕ್ಷೇತ್ರಕ್ಕೆ ಬಂದ ನನ್ನಂಥವರಿಗೆ ಇದು ಕೊಂಚ ಅಸೂಯೆ ಹುಟ್ಟಿಸುವ ತರಬೇತಿಯೇ ಸರಿ.

1895ರ ಮಾರ್ಚ್ 22ರಂದು ಲೂಮಿಯೇರ್ ಸಹೋದರರು ಪ್ಯಾರಿಸ್ಸಿನ ಉದ್ಯಮಸಂಘವೊಂದರಲ್ಲಿ ತಮ್ಮ ಹೊಸ ಯಂತ್ರವನ್ನು ಆಹ್ವಾನಿತರಿಗೆ ತೋರಿಸಿದರು. ಸಿನಿಮಾದ ಹುಟ್ಟುಹಬ್ಬವೆಂದು ಎಲ್ಲರೂ ಹೇಳುವ ಡಿಸೆಂಬರ್ 28ರ ಸಾರ್ವಜನಿಕ ಪ್ರದರ್ಶನಕ್ಕೆ ಇನ್ನೂ ಒಂಬತ್ತು ತಿಂಗಳಿತ್ತು. ಆಹ್ವಾನಿತರಲ್ಲಿ ಗೋಮೋಂ ಇದ್ದರು, ಜೊತೆಯಲ್ಲಿ ಅವರ ಕಾರ್ಯದರ್ಶಿಯೂ. ಕಾರ್ಖಾನೆಯ ಬಾಗಿಲಿನಿಂದ ಕೆಲಸಗಾರರು ಹೊರಬರುವ ದೃಶ್ಯವೊಂದು ಒಂದು ನಿಮಿಷಕ್ಕೂ ಕಡಿಮೆ ಅವಧಿ ಗೋಡೆಯ ಮೇಲೆ ಚಲಿಸಿತು.

ಅಲ್ಲಿ ಸೇರಿದ್ದವರಿಗೆ ಕಂಡದ್ದು ಯಂತ್ರ. ಗೋಮೋಂ ಕೂಡ ಮುಂದೆ ಕ್ಯಾಮೆರಾ ತಯಾರಿಸಿ ಮಾರಿದರು. ಅದರೊಂದಿಗೆ ಮಾದರಿಗೆಂದು ಕೊಡುತ್ತಿದ್ದ ಚಿತ್ರಗಳೆಂದರೆ ರೈಲು, ಮೆರವಣಿಗೆ, ಸಮುದ್ರದ ಅಲೆ. ಪುಸ್ತಕ ವ್ಯಾಪಾರಿಯ ಮಗಳಿಗೆ ಇದು ಸಪ್ಪೆ ಎನಿಸಿತು. ಒಂದೆರಡು ಪುಟ್ಟ ಕತೆಗಳನ್ನು ಬರೆದು ಸ್ನೇಹಿತರಿಂದ ಅಭಿನಯ ಮಾಡಿಸಿ ಚಿತ್ರ ತೆಗೆಯಲೇ ಎಂದು ಅವರು ಮಾಲೀಕರನ್ನು ಕೇಳಿದರು. ಗೋಮೋಂ ಒಪ್ಪಿದರು, ಒಂದು ಷರತ್ತಿನ ಮೇಲೆ: ಕಚೇರಿಯ ಕಾಗದಪತ್ರದ ಕೆಲಸಕ್ಕೆ ತೊಂದರೆಯಾಗಕೂಡದು.

ಹೀಗೆ ಹುಟ್ಟಿದ್ದು 'ಕೋಸಿನ ಯಕ್ಷಿಣಿ' ಎಂಬ ಒಂದು ನಿಮಿಷದ ಚಿತ್ರ. ಮಕ್ಕಳು ಎಲ್ಲಿಂದ ಬರುತ್ತವೆ ಎಂದು ಕೇಳುವ ಹುಡುಗರಿಗೆ ಫ್ರಾನ್ಸಿನ ಅಜ್ಜಿಯರು 'ಎಲೆಕೋಸಿನ ತೋಟದಲ್ಲಿ ಸಿಗುತ್ತವೆ' ಎಂದು ಹೇಳುವ ವಾಡಿಕೆಯುಂಟು. ಮರದಲ್ಲಿ ಕತ್ತರಿಸಿದ ದೊಡ್ಡ ದೊಡ್ಡ ಕೋಸುಗಳು. ಅವುಗಳ ನಡುವೆ ಓಡಾಡುತ್ತಾ ಒಬ್ಬ ಯಕ್ಷಿಣಿ ಕೂಸುಗಳನ್ನು ಎತ್ತಿ ತೋರಿಸುತ್ತಾಳೆ. ಇಷ್ಟೇ ಕತೆ. ಇದನ್ನು 1896ರಲ್ಲಿ ತೆಗೆದೆನೆಂದು ಆಲಿಸ್ ಬರೆದಿದ್ದಾರೆ. ಇಂದು ಉಳಿದಿರುವ ಪ್ರತಿ 1900ರ ಸುಮಾರಿಗೆ ಮತ್ತೊಮ್ಮೆ ತೆಗೆದದ್ದೆಂದು ಹಲವು ಇತಿಹಾಸಕಾರರ ವಾದ. ಇದೇ ಕತೆಗೆ ಮಗು ಕೊಳ್ಳಲು ಬರುವ ದಂಪತಿಗಳನ್ನು ಸೇರಿಸಿ 1902ರಲ್ಲಿ ಅವರು ಇನ್ನೊಂದು ಚಿತ್ರ ಮಾಡಿದರು. ಆಗ ಒಂದು ಚಿತ್ರದ ಮೂಲಪ್ರತಿ ಸವೆದುಹೋದರೆ, ಬೇಡಿಕೆ ಇದ್ದರೆ, ಅದನ್ನೇ ಹೊಸದಾಗಿ ತೆಗೆಯುವುದು ಮಾಮೂಲಾಗಿತ್ತು. ಈ ಅಭ್ಯಾಸದಿಂದಾಗಿ 'ಮೊದಲು ಮಾಡಿದ್ದು ಯಾವುದು' ಎಂಬ ಪ್ರಶ್ನೆಗೆ ಪರದೆಯನ್ನು ನೋಡಿ ಉತ್ತರ ಹೇಳಲು ಆಗುವುದಿಲ್ಲ.

ಷರತ್ತು ಬಹಳ ದಿನ ನಿಲ್ಲಲಿಲ್ಲ. ಚಿತ್ರಗಳಿಗೆ ಗಿರಾಕಿಗಳು ಬಂದರು. ಬೆರಳಚ್ಚಿನ ಮೇಜು ಬಿಟ್ಟು ಆಲಿಸ್ ಗೋಮೋಂ ಕಂಪನಿಯ ಚಿತ್ರನಿರ್ಮಾಣದ ಮುಖ್ಯಸ್ಥೆಯಾದರು. 1907ರ ತನಕ ಆ ಸ್ಥಾನದಲ್ಲಿದ್ದರು. ನಮ್ಮ ದಾದಾಸಾಹೇಬ್ ಫಾಲ್ಕೆಯವರ 'ರಾಜಾ ಹರಿಶ್ಚಂದ್ರ' ತೆರೆಕಂಡದ್ದು 1913ರಲ್ಲಿ ಎಂಬುದನ್ನು ನೆನೆದರೆ ಆಲಿಸ್ ಎಷ್ಟು ಮುಂಚಿನವರು ಎಂಬುದು ನಿಮಗೆ ಹೊಳೆದೀತು.

ಹಾಡು ಮೊದಲು, ಚಿತ್ರ ಆಮೇಲೆ

ಮೂಕಿಯುಗ ಪೂರ್ತಿ ಮೂಕವಾಗಿತ್ತೆಂದು ನಾವು ನಂಬಿದ್ದೇವೆ. ಗೋಮೋಂ ಅವರಿಗೆ ಆರಂಭದಿಂದಲೂ ಶಬ್ದದ ಹುಚ್ಚಿತ್ತು. ಅವರು ತಯಾರಿಸಿದ 'ಕ್ರೋನೋಫೋನ್' ಎಂಬ ಸಾಧನದಲ್ಲಿ ಗ್ರಾಮಾಫೋನನ್ನೂ ಪ್ರೊಜೆಕ್ಟರನ್ನೂ ವಿದ್ಯುತ್ ಮೋಟಾರುಗಳ ಮೂಲಕ ಒಂದಕ್ಕೊಂದು ಜೋಡಿಸಲಾಗಿತ್ತು. ಎರಡೂ ಒಂದೇ ವೇಗದಲ್ಲಿ ತಿರುಗಿದರೆ ತುಟಿಗೂ ದನಿಗೂ ಹೊಂದಿಕೆ. ಒಂದು ಹಿಂದೆ ಬಿದ್ದರೆ ಪ್ರೊಜೆಕ್ಟರಿನ ಬಳಿ ನಿಂತವನು ಗುಂಡಿ ತಿರುಗಿಸಿ ಸರಿಪಡಿಸಬೇಕು. ಸಭಾಂಗಣದ ಕೊನೆಯವರೆಗೆ ಕೇಳಿಸುವಂತೆ ಮಾಡಲು ಒತ್ತಡದ ಗಾಳಿಯನ್ನು ಬಳಸಿ ದನಿಯನ್ನು ದೊಡ್ಡದು ಮಾಡುತ್ತಿದ್ದರು. ವಾಲ್ವುಗಳ ಆಂಪ್ಲಿಫೈಯರ್ ಇನ್ನೂ ಬಂದಿರಲಿಲ್ಲ.

ಈ ಸಾಧನಕ್ಕಾಗಿ ನೂರಕ್ಕೂ ಹೆಚ್ಚು ಹಾಡಿನ ಚಿತ್ರಗಳನ್ನು ಆಲಿಸ್ ನಿರ್ದೇಶಿಸಿದರು. ಮಾಯೋಲ್, ದ್ರಾನೆಮ್, ಪೋಲಿಂ ಮೊದಲಾದ ಆ ಕಾಲದ ಜನಪ್ರಿಯ ಗಾಯಕರು ಅವರ ಕ್ಯಾಮೆರಾದ ಮುಂದೆ ನಿಂತರು. ವಿಧಾನ ಹೀಗಿತ್ತು: ಗಾಯಕ ಮೊದಲು ಧ್ವನಿಮುದ್ರಣದ ಕೊಳವೆಗೆ ತೀರ ಹತ್ತಿರ ನಿಂತು ಹಾಡಿ ಪ್ಲೇಟು ತಯಾರಿಸಬೇಕು. ಆಗಿನ ಮುದ್ರಣಯಂತ್ರ ದೂರದ ದನಿಯನ್ನು ಹಿಡಿಯುತ್ತಿರಲಿಲ್ಲವಾದ್ದರಿಂದ ಅಭಿನಯಿಸುತ್ತಾ ಹಾಡುವುದು ಸಾಧ್ಯವಿರಲಿಲ್ಲ. ಇನ್ನೊಂದು ದಿನ ಅದೇ ಪ್ಲೇಟನ್ನು ಸೆಟ್ಟಿನಲ್ಲಿ ನುಡಿಸುತ್ತಾರೆ, ಗಾಯಕ ಅದಕ್ಕೆ ತುಟಿ ಹೊಂದಿಸಿ ಅಭಿನಯಿಸುತ್ತಾನೆ, ಕ್ಯಾಮೆರಾ ತಿರುಗುತ್ತದೆ. ಓದುಗರೇ, ಇದನ್ನು ಎಲ್ಲೋ ನೋಡಿದಂತಿದೆ ಎನ್ನಿಸುವುದಿಲ್ಲವೇ? ನಮ್ಮ ಚಲನಚಿತ್ರಗಳ ಹಾಡುಗಳನ್ನು ಇಂದಿಗೂ ಚಿತ್ರೀಕರಿಸುವುದು ಇದೇ ಕ್ರಮದಲ್ಲಿ. ಕಂಠ ಒಬ್ಬರದು ಮುಖ ಇನ್ನೊಬ್ಬರದು ಎಂಬ ಏರ್ಪಾಡು ಆಮೇಲೆ ಬಂದದ್ದು. ಆದರೆ ಹಾಡು ಮೊದಲು, ಚಿತ್ರ ಆಮೇಲೆ ಎಂಬ ಸೂತ್ರವನ್ನು ಆಲಿಸ್ 1900ರ ದಶಕದಲ್ಲೇ ದಿನನಿತ್ಯದ ಕೆಲಸವಾಗಿ ನಡೆಸುತ್ತಿದ್ದರು.

ಇದಕ್ಕೆ ಒಂದು ಅಪರೂಪದ ಸಾಕ್ಷಿ ಉಳಿದಿದೆ. ಇಂಥ ಹಾಡಿನ ಚಿತ್ರೀಕರಣ ನಡೆಯುತ್ತಿರುವಾಗ ಇನ್ನೊಂದು ಕ್ಯಾಮೆರಾ ಆ ಇಡೀ ಸೆಟ್ಟನ್ನು ಚಿತ್ರೀಕರಿಸಿದೆ. ಪ್ರಖರ ದೀಪಗಳು, ಗ್ರಾಮಾಫೋನುಗಳು, ನರ್ತಕರ ಗುಂಪು, ಇವುಗಳ ನಡುವೆ ಉದ್ದನೆಯ ಉಡುಪಿನ ಒಬ್ಬ ಮಹಿಳೆ ಎಲ್ಲವನ್ನೂ ನಡೆಸುತ್ತಿದ್ದಾರೆ. ಗೋಮೋಂ ಕಂಪನಿಯಲ್ಲಿ ಚಿತ್ರ ನಿರ್ದೇಶಿಸುತ್ತಿದ್ದವರು ಯಾರು ಎಂಬ ಪ್ರಶ್ನೆಗೆ ಈ ತುಣುಕಿಗಿಂತ ಒಳ್ಳೆಯ ಉತ್ತರವನ್ನು ಯಾವ ಕಾಗದಪತ್ರವೂ ಕೊಡಲಾರದು.

1905ರ ವೇಳೆಗೆ ಗೋಮೋಂ ಪ್ಯಾರಿಸ್ಸಿನಲ್ಲಿ ಗಾಜಿನ ಛಾವಣಿಯ ಭಾರಿ ಸ್ಟುಡಿಯೋ ಕಟ್ಟಿಸಿದರು. ಆಲಿಸ್ ತಮಗೆ ಸಹಾಯಕರನ್ನು ಆರಿಸಿಕೊಂಡರು. ಕತೆ ಬರೆಯಲು ಬಂದ ಲೂಯಿ ಫ್ಯೂಯಾದ್ ಮುಂದೆ ಫ್ರಾನ್ಸಿನ ಹೆಸರಾಂತ ನಿರ್ದೇಶಕನಾದ. ವಿಕ್ತೊರಿಂ ಜಾಸೆ ಅವರ ಸಹಾಯಕನಾಗಿದ್ದ. 1906ರಲ್ಲಿ ಅವರು ತೆಗೆದ 'ಕ್ರಿಸ್ತನ ಜೀವನ' ಆ ಕಾಲಕ್ಕೆ ದೊಡ್ಡ ಸಾಹಸ. 25 ದೃಶ್ಯಗಳು, ಸುಮಾರು 300 ಮಂದಿ ಪಾತ್ರಧಾರಿಗಳು, ಅರ್ಧ ಗಂಟೆಗೂ ಮೀರಿದ ಅವಧಿ. ಹತ್ತು ನಿಮಿಷದ ಚಿತ್ರವೇ ಉದ್ದವೆನಿಸುತ್ತಿದ್ದ ದಿನಗಳವು.

ಆದರೆ ನನಗೆ ಹೆಚ್ಚು ಮೆಚ್ಚುಗೆಯಾದದ್ದು ಅದೇ ಹೊತ್ತಿನ ಎರಡು ಹಾಸ್ಯಚಿತ್ರಗಳು. ಒಂದರ ಹೆಸರು 'ಸ್ತ್ರೀವಾದದ ಪರಿಣಾಮಗಳು'. ಇದರಲ್ಲಿ ಗಂಡಸರು ಹೊಲಿಗೆ ಹಾಕುತ್ತಾ, ಇಸ್ತ್ರಿ ಮಾಡುತ್ತಾ, ಮಕ್ಕಳ ಗಾಡಿ ತಳ್ಳುತ್ತಾ ಇರುತ್ತಾರೆ. ಹೆಂಗಸರು ಕಾಲ ಮೇಲೆ ಕಾಲು ಹಾಕಿ ಪಾನಗೃಹದಲ್ಲಿ ಕುಳಿತು ಹೊಗೆ ಬಿಡುತ್ತಾರೆ. ಉಡುಪು ಬದಲಾಗಿಲ್ಲ, ನಡವಳಿಕೆ ಮಾತ್ರ ಅದಲುಬದಲು. ಕೊನೆಗೆ ಗಂಡಸರು ದಂಗೆಯೆದ್ದು ಪಾನಗೃಹವನ್ನು ಮರಳಿ ವಶಪಡಿಸಿಕೊಳ್ಳುತ್ತಾರೆ. ಸ್ತ್ರೀವಾದವನ್ನು ಹಾಸ್ಯ ಮಾಡುವ ಚಿತ್ರವೆಂದು ಪ್ರೇಕ್ಷಕರು ನಕ್ಕಿರಬಹುದು. ಪಾನಗೃಹದಲ್ಲಿ ಹೆಂಗಸರು ನಡೆದುಕೊಳ್ಳುವ ರೀತಿ ನಿಜವಾಗಿ ಯಾರದು ಎಂದು ಯೋಚಿಸಿದರೆ ನಗು ಬೇರೆ ಕಡೆಗೆ ತಿರುಗುತ್ತದೆ.

ಇನ್ನೊಂದರಲ್ಲಿ ಬಸುರಿ ಹೆಂಗಸೊಬ್ಬಳು ಬಯಕೆ ತಾಳಲಾರದೆ ಕಂಡಕಂಡವರಿಂದ ಕಸಿದುಕೊಂಡು ತಿನ್ನುತ್ತಾಳೆ. ಮಗುವಿನ ಕೈಯಿಂದ ಮಿಠಾಯಿ, ಕುಡಿಯುತ್ತಾ ಕುಳಿತವನ ಲೋಟ, ಭಿಕ್ಷುಕನ ಮೀನು, ಇನ್ನೊಬ್ಬನ ಬಾಯಿಂದ ಹೊಗೆ ಕೊಳವೆ! ಹಿಂದೆ ಮಗುವಿನ ಗಾಡಿ ತಳ್ಳಿಕೊಂಡು ಬರುವ ಗಂಡನಿಗೆ ನಾಚಿಕೆ, ಗಾಬರಿ. ಇಲ್ಲಿ ಗಮನಿಸಬೇಕಾದ್ದು ಕ್ಯಾಮೆರಾ. ಆಗಿನ ಚಿತ್ರಗಳಲ್ಲಿ ಕ್ಯಾಮೆರಾ ನಾಟಕದ ಪ್ರೇಕ್ಷಕನಂತೆ ದೂರದಲ್ಲಿ ಕುಳಿತು ತಲೆಯಿಂದ ಕಾಲಿನವರೆಗೆ ನೋಡುತ್ತಿತ್ತು. ಈ ಚಿತ್ರದಲ್ಲಿ ಅವಳು ಕಸಿದುಕೊಂಡ ತಕ್ಷಣ ದೃಶ್ಯ ಬದಲಾಗಿ, ಹಿಂದೆ ಏನೂ ಇಲ್ಲದ ಬರಿಯ ಪರದೆಯ ಮುಂದೆ ಅವಳ ಮುಖವಷ್ಟೇ ಹತ್ತಿರದಲ್ಲಿ ಕಾಣುತ್ತದೆ. ಅವಳು ಚಪ್ಪರಿಸುತ್ತಾಳೆ. ಕತೆ ಅಲ್ಲಿ ನಿಂತಿದೆ. ನಾವು ಅವಳ ಸುಖದಲ್ಲಿ ಪಾಲುಗೊಳ್ಳುತ್ತೇವೆ. ಸಮೀಪದ ದೃಶ್ಯವನ್ನು ಇನ್ನೂ ಮೊದಲು ಬಳಸಿದವರಿದ್ದಾರೆ. ಪಾತ್ರದ ಮನಸ್ಸಿನೊಳಗೆ ನಮ್ಮನ್ನು ಕರೆದೊಯ್ಯಲು ಅದನ್ನು ಇಷ್ಟು ಸಲೀಸಾಗಿ ಬಳಸಿದವರು ಆಗ ವಿರಳ. ಅಂದಹಾಗೆ ಆ ಹೆಂಗಸಿಗೆ ಕೊನೆಯಲ್ಲಿ ಹೆರಿಗೆಯಾಗುವುದೂ ಎಲೆಕೋಸಿನ ತೋಟದಲ್ಲೇ.

ಸಮುದ್ರದಾಚೆ

1907ರಲ್ಲಿ ಆಲಿಸ್ ಗೋಮೋಂ ಕಂಪನಿಯಲ್ಲೇ ಇದ್ದ ಹರ್ಬರ್ಟ್ ಬ್ಲಾಷೆಯನ್ನು ಮದುವೆಯಾದರು. ಕ್ರೋನೋಫೋನ್ ಮಾರಲೆಂದು ಕಂಪನಿ ಅವನನ್ನು ಅಮೆರಿಕಕ್ಕೆ ಕಳಿಸಿತು. ಆಲಿಸ್ ಕೆಲಸ ಬಿಟ್ಟು ಜೊತೆಗೆ ಹೊರಟರು. ಕ್ಲೀವ್‌ಲ್ಯಾಂಡ್ ನಗರದಲ್ಲಿ ವ್ಯಾಪಾರ ಕುದುರಲಿಲ್ಲ. 1908ರಲ್ಲಿ ಮಗಳು ಹುಟ್ಟಿದಳು. ನ್ಯೂಯಾರ್ಕಿನ ಫ್ಲಶಿಂಗ್‌ನಲ್ಲಿದ್ದ ಗೋಮೋಂ ಸ್ಟುಡಿಯೋ ಪೂರ್ತಿ ಬಳಕೆಯಾಗದೆ ಬಿದ್ದಿತ್ತು. ಅದನ್ನು ಬಳಸಿಕೊಂಡು 1910ರಲ್ಲಿ ಅವರು ತಮ್ಮದೇ ಕಂಪನಿ ಆರಂಭಿಸಿದರು. ಹೆಸರು 'ಸೋಲಾಕ್ಸ್', ಗುರುತು ಸೂರ್ಯ.

ಎರಡೇ ವರ್ಷದಲ್ಲಿ, 1912ರಲ್ಲಿ, ನ್ಯೂಜೆರ್ಸಿಯ ಫೋರ್ಟ್ ಲೀ ಎಂಬ ಊರಿನಲ್ಲಿ ಒಂದು ಲಕ್ಷ ಡಾಲರಿಗೂ ಹೆಚ್ಚು ವೆಚ್ಚದ ಸ್ವಂತ ಸ್ಟುಡಿಯೋ ಎದ್ದಿತು. ಹಾಲಿವುಡ್ ಇನ್ನೂ ತಲೆಯೆತ್ತಿರದ ಆ ದಿನಗಳಲ್ಲಿ ಅಮೆರಿಕದ ಚಿತ್ರೋದ್ಯಮದ ರಾಜಧಾನಿ ಫೋರ್ಟ್ ಲೀ. ಸ್ಟುಡಿಯೋದೊಳಗೆ ನಟರ ಕಣ್ಣಿಗೆ ಬೀಳುವಂತೆ ಆಲಿಸ್ ಒಂದು ಫಲಕ ತೂಗುಹಾಕಿಸಿದ್ದರು: 'ಸಹಜವಾಗಿರಿ'. ರಂಗಭೂಮಿಯ ಹಾವಭಾವಕ್ಕೆ ಒಗ್ಗಿದ್ದ ನಟರಿಗೆ ಇದಕ್ಕಿಂತ ಕಷ್ಟದ ಆಜ್ಞೆ ಇರಲಾರದು. ನಮ್ಮ ಸ್ಟುಡಿಯೋಗಳಲ್ಲೂ ಅಂಥದೊಂದು ಫಲಕವಿದ್ದರೆ ಒಳ್ಳೆಯದು ಎಂದು ನನಗೆ ಆಗಾಗ ಅನ್ನಿಸಿದೆ.

ಆ ವರ್ಷದ ಉಳಿದಿರುವ ಚಿತ್ರಗಳಲ್ಲಿ ಎರಡನ್ನು ಇಲ್ಲಿ ಹೇಳಬೇಕು. 'ಬೀಳುವ ಎಲೆಗಳು' ಎಂಬುದರಲ್ಲಿ ಕ್ಷಯರೋಗಿ ಅಕ್ಕ ಮಲಗಿದ್ದಾಳೆ. ಕೊನೆಯ ಎಲೆ ಉದುರುವ ಹೊತ್ತಿಗೆ ಅವಳು ಉಳಿಯುವುದಿಲ್ಲವೆಂದು ವೈದ್ಯರು ತಾಯಿಗೆ ಹೇಳುವುದನ್ನು ಪುಟ್ಟ ತಂಗಿ ಕೇಳಿಸಿಕೊಳ್ಳುತ್ತಾಳೆ. ರಾತ್ರಿಯುಡುಪಿನಲ್ಲೇ ತೋಟಕ್ಕೆ ಹೋಗಿ ಉದುರಿದ ಎಲೆಗಳನ್ನು ದಾರದಿಂದ ಕೊಂಬೆಗೆ ಕಟ್ಟತೊಡಗುತ್ತಾಳೆ. ಆ ದಾರಿಯಲ್ಲಿ ಬಂದ ಇನ್ನೊಬ್ಬ ವೈದ್ಯ ಇದನ್ನು ಕಂಡು ವಿಚಾರಿಸಿ, ತಾನು ಕಂಡುಹಿಡಿದ ಔಷಧಿಯಿಂದ ಅಕ್ಕನನ್ನು ಗುಣಪಡಿಸುತ್ತಾನೆ. ವಿಜ್ಞಾನದ ವಿದ್ಯಾರ್ಥಿಯಾಗಿ ಹೇಳಲೇಬೇಕಾದ ಮಾತು: 1912ರಲ್ಲಿ ಕ್ಷಯಕ್ಕೆ ಅಂಥ ಔಷಧಿ ಇರಲಿಲ್ಲ, ಸ್ಟ್ರೆಪ್ಟೊಮೈಸಿನ್ ಬಂದದ್ದು 1943ರಲ್ಲಿ. ಪ್ರೇಕ್ಷಕರಲ್ಲಿ ಎಷ್ಟೋ ಮಂದಿಯ ಮನೆಯಲ್ಲಿ ಕ್ಷಯರೋಗಿಗಳಿದ್ದರು. ಅವರು ಈ ಚಿತ್ರವನ್ನು ಹೇಗೆ ನೋಡಿರಬಹುದು ಎಂದು ಊಹಿಸಿಕೊಳ್ಳಿ.

'ಮೂಢನೂ ಅವನ ಹಣವೂ' ಎಂಬ ಇನ್ನೊಂದರಲ್ಲಿ ನಟರೆಲ್ಲರೂ ಕರಿಯರು. ಕರಿಯರ ಜೊತೆ ಅಭಿನಯಿಸಲು ಬಿಳಿಯ ನಟರು ಒಪ್ಪದಿದ್ದಾಗ ಆಲಿಸ್ ಹಾಗೆ ಮಾಡಿದರೆಂದು ಹೇಳಲಾಗುತ್ತದೆ. ಕರಿಯರನ್ನು ಕುರಿತ ಆ ಕಾಲದ ಹಗುರ ಮಾತುಗಳಿಂದ ಚಿತ್ರ ಮುಕ್ತವಾಗಿಲ್ಲ. ಆದರೂ ಬಿಳಿಯರು ಮುಖಕ್ಕೆ ಮಸಿ ಬಳಿದುಕೊಂಡು ಕರಿಯರ ಪಾತ್ರ ಮಾಡುತ್ತಿದ್ದ ಕಾಲದಲ್ಲಿ ಇದೊಂದು ಬೇರೆಯೇ ದಾರಿ.

ಏಳಿಗೆಯಷ್ಟೇ ಬೇಗ ಇಳಿತವೂ ಬಂತು. ಚಿತ್ರಗಳು ಉದ್ದವಾದವು, ಖರ್ಚು ಏರಿತು. ವಿತರಣೆ ದೊಡ್ಡ ಸಂಸ್ಥೆಗಳ ಮುಷ್ಟಿಗೆ ಹೋಯಿತು. ಉದ್ಯಮ ಬಿಸಿಲಿರುವ ಕ್ಯಾಲಿಫೋರ್ನಿಯಾಕ್ಕೆ ವಲಸೆ ಹೊರಟಿತು. 1913ರಲ್ಲಿ ಆಲಿಸ್ ಕಂಪನಿಯ ಅಧ್ಯಕ್ಷತೆಯನ್ನು ಗಂಡನಿಗೆ ಬಿಟ್ಟುಕೊಟ್ಟರು. ಅವನು ಬೇಗನೆ ಬೇರೆ ಹೆಸರಿನ ಕಂಪನಿ ತೆರೆದ. ಕೆಲವೇ ವರ್ಷಗಳಲ್ಲಿ ಮಾಲೀಕರಾಗಿದ್ದವರು ಇತರರಿಗೆ ಸಂಬಳಕ್ಕೆ ಚಿತ್ರ ಮಾಡುವವರಾದರು. 1918ರಲ್ಲಿ ಹರ್ಬರ್ಟ್ ಸಂಸಾರ ಬಿಟ್ಟು ಹಾಲಿವುಡ್ಡಿಗೆ ಹೋದ. ಆಲಿಸ್ ತಮ್ಮ ಕೊನೆಯ ಚಿತ್ರವನ್ನು ಮಾಡುತ್ತಿದ್ದಾಗ ಆ ಕಾಲದ ಮಹಾಮಾರಿ ಇನ್‌ಫ್ಲುಯೆಂಜಾ ಅವರನ್ನು ಹಾಸಿಗೆ ಹಿಡಿಸಿತು. ಆ ಚಿತ್ರ 1920ರಲ್ಲಿ ಬಿಡುಗಡೆಯಾಯಿತು. ಸ್ಟುಡಿಯೋ ಹರಾಜಾಯಿತು. 1922ರಲ್ಲಿ, 49ನೆಯ ವಯಸ್ಸಿನಲ್ಲಿ, ಇಬ್ಬರು ಮಕ್ಕಳೊಂದಿಗೆ ಅವರು ಫ್ರಾನ್ಸಿಗೆ ಹಿಂತಿರುಗಿದರು. ಅಲ್ಲಿ ಯಾರೂ ಕೆಲಸ ಕೊಡಲಿಲ್ಲ. ಅವರು ಮತ್ತೆ ಚಿತ್ರ ಮಾಡಲಿಲ್ಲ.

ರೀಲು ಎಲ್ಲಿ ಹೋಯಿತು?

ಕೆಲಸ ಕೇಳಲು ಹೋದವರ ಕೈಯಲ್ಲಿ ತೋರಿಸಲು ಏನಾದರೂ ಇರಬೇಕಷ್ಟೆ. 1927ರಲ್ಲಿ ಆಲಿಸ್ ತಮ್ಮ ಚಿತ್ರಗಳ ಪ್ರತಿ ಹುಡುಕಲೆಂದೇ ಅಮೆರಿಕಕ್ಕೆ ಹೋದರು. ರಾಷ್ಟ್ರೀಯ ಗ್ರಂಥಾಲಯವಾದ ಲೈಬ್ರರಿ ಆಫ್ ಕಾಂಗ್ರೆಸ್ಸಿನಲ್ಲೂ ವಿಚಾರಿಸಿದರು. ಒಂದೂ ಸಿಗಲಿಲ್ಲ. ಕೊನೆಯ ಚಿತ್ರ ಬಿಡುಗಡೆಯಾಗಿ ಆಗ ಏಳು ವರ್ಷವಾಗಿತ್ತು.

ಇಷ್ಟು ಬೇಗ ಚಿತ್ರಗಳು ಮಾಯವಾಗುವುದು ಹೇಗೆ? ಇಲ್ಲಿ ಸ್ವಲ್ಪ ರಸಾಯನಶಾಸ್ತ್ರ ಬೇಕು. ಆ ಕಾಲದ ಫಿಲ್ಮಿನ ಪಟ್ಟಿ ಸೆಲ್ಯುಲೋಸ್ ನೈಟ್ರೇಟಿನದು. ಸಿಡಿಮದ್ದಿನ ಹತ್ತಿಗೆ ಹತ್ತಿರದ ಸಂಬಂಧಿ. ಉರಿಯಲು ಬೇಕಾದ ಆಮ್ಲಜನಕ ಅದರ ಅಣುವಿನಲ್ಲೇ ಇರುವುದರಿಂದ ಒಮ್ಮೆ ಹೊತ್ತಿಕೊಂಡರೆ ನೀರಿನಲ್ಲಿ ಮುಳುಗಿಸಿದರೂ ಆರುವುದಿಲ್ಲ. ಬೆಂಕಿ ಬೀಳದಿದ್ದರೂ ಅದು ಸುಮ್ಮನಿರದು. ನಿಧಾನವಾಗಿ ಒಡೆದು ನೈಟ್ರೋಜನ್ನಿನ ಆಕ್ಸೈಡುಗಳನ್ನು ಹೊರಬಿಡುತ್ತದೆ. ಅವು ಗಾಳಿಯ ತೇವದೊಂದಿಗೆ ಸೇರಿ ನೈಟ್ರಿಕ್ ಆಮ್ಲವಾಗುತ್ತವೆ. ಆ ಆಮ್ಲ ಉಳಿದ ಪಟ್ಟಿಯನ್ನು ಇನ್ನೂ ಬೇಗ ಒಡೆಯುತ್ತದೆ. ಡಬ್ಬಿ ಬಿಗಿಯಾಗಿ ಮುಚ್ಚಿದ್ದರೆ ಅನಿಲ ಹೊರಹೋಗಲು ದಾರಿಯಿಲ್ಲದೆ ಮತ್ತಷ್ಟು ವೇಗ. ಮೊದಲು ಚಿತ್ರ ಮಾಸುತ್ತದೆ, ಆಮೇಲೆ ಪಟ್ಟಿ ಬೆಲ್ಲದ ಪಾಕದಂತೆ ಅಂಟಂಟಾಗುತ್ತದೆ, ಕೊನೆಗೆ ಡಬ್ಬಿಯಲ್ಲಿ ಉಳಿಯುವುದು ಕಂದುಬಣ್ಣದ ಪುಡಿ. ಬೇಡಿಕೆ ಮುಗಿದ ರೀಲನ್ನು ಇಂಥ ಅಪಾಯದೊಂದಿಗೆ ಯಾರು ಕಾಪಾಡಿಯಾರು? ಅದರ ಮೇಲಿನ ಬೆಳ್ಳಿಗಾಗಿ ಕರಗಿಸಿ ಮಾರುವುದು ಲಾಭದ ದಾರಿಯಾಗಿತ್ತು.

1912ರಿಂದ 1929ರವರೆಗೆ ಅಮೆರಿಕದಲ್ಲಿ ತಯಾರಾದ ಸುಮಾರು 11,000 ಪೂರ್ಣಪ್ರಮಾಣದ ಮೂಕಿಚಿತ್ರಗಳಲ್ಲಿ ಮೂಲರೂಪದಲ್ಲಿ ಪೂರ್ತಿಯಾಗಿ ಉಳಿದಿರುವವು ಶೇಕಡಾ 14 ಮಾತ್ರ ಎಂದು ಲೈಬ್ರರಿ ಆಫ್ ಕಾಂಗ್ರೆಸ್ 2013ರಲ್ಲಿ ಪ್ರಕಟಿಸಿದ ಅಧ್ಯಯನ ಹೇಳುತ್ತದೆ. ನಾವು ಇದನ್ನು ಓದಿ ಅಮೆರಿಕನ್ನರ ಬಗ್ಗೆ ಮರುಕಪಡುವಂತಿಲ್ಲ. ಭಾರತದ ಮೊದಲ ವಾಕ್ಚಿತ್ರ 'ಆಲಂ ಆರಾ' (1931), ಕನ್ನಡದಲ್ಲಿ ಮೊದಲು ತೆರೆಕಂಡ ವಾಕ್ಚಿತ್ರ 'ಸತಿ ಸುಲೋಚನಾ' (1934), ಇವೆರಡರ ಪ್ರತಿಗಳೂ ಇಲ್ಲ. ಪುಣೆಯಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಸ್ಥಾಪನೆಯಾದದ್ದು 1964ರಲ್ಲಿ. ಅದರ ನೈಟ್ರೇಟ್ ದಾಸ್ತಾನಿಗೂ 2003ರ ಜನವರಿಯಲ್ಲಿ ಬೆಂಕಿ ಬಿತ್ತು. ದೂರದರ್ಶನ ಮಾಧ್ಯಮದವರಾದ ನಾವೂ ಹೊರತಲ್ಲ. ಟೇಪಿನ ಬೆಲೆ ಹೆಚ್ಚಾಗಿದ್ದ ಕಾಲದಲ್ಲಿ ಬಿ.ಬಿ.ಸಿ.ಯಂಥ ಸಂಸ್ಥೆಯೂ ಹಳೆಯ ಕಾರ್ಯಕ್ರಮಗಳನ್ನು ಅಳಿಸಿ ಅದೇ ಟೇಪಿನ ಮೇಲೆ ಹೊಸದನ್ನು ಮುದ್ರಿಸಿಕೊಂಡಿತು.

ಆದರೆ ಆಲಿಸ್ ಕಳೆದುಕೊಂಡದ್ದು ರೀಲುಗಳನ್ನು ಮಾತ್ರವಲ್ಲ. ರೀಲು ಸಿಕ್ಕರೂ ಅದರ ಮೇಲೆ ಅವರ ಹೆಸರಿರಲಿಲ್ಲ. ಆರಂಭದ ವರ್ಷಗಳಲ್ಲಿ ಚಿತ್ರಗಳನ್ನು ಬಟ್ಟೆಯಂತೆ ಮೀಟರ್ ಲೆಕ್ಕದಲ್ಲಿ ಮಾರುತ್ತಿದ್ದರು. ಕೊಳ್ಳುವವನಿಗೆ ಬೇಕಾದ್ದು ಸರಕು ಮತ್ತು ಅದರ ಮುದ್ರೆ. ಒಬ್ಬರ ಚಿತ್ರವನ್ನು ಇನ್ನೊಬ್ಬರು ಕದ್ದು ಪ್ರತಿಮಾಡುವುದು ಎಷ್ಟಿತ್ತೆಂದರೆ, ಪಾತೆ ಕಂಪನಿ ತನ್ನ ಹುಂಜದ ಗುರುತನ್ನು ಸೆಟ್ಟಿನ ಗೋಡೆಗೇ ಅಂಟಿಸುತ್ತಿತ್ತು. ಗೋಮೋಂ ಕಂಪನಿಯದು ಸೇವಂತಿಗೆಯನ್ನು ಹೋಲುವ ಡೈಸಿ ಹೂವಿನ ಗುರುತು. ಕಂಪನಿಯ ಮಾಲು ಯಾರದೆಂದು ತಿಳಿಯಲು ಇಷ್ಟು ಕಾಳಜಿ; ಮಾಡಿದವರು ಯಾರೆಂದು ಬರೆದಿಡಲು ಯಾರಿಗೂ ತೋಚಲಿಲ್ಲ.

1930ರಲ್ಲಿ ಗೋಮೋಂ ಕಂಪನಿಯ ಇತಿಹಾಸ ಪ್ರಕಟವಾಯಿತು. ಅದರಲ್ಲಿ 1907ಕ್ಕೆ ಹಿಂದಿನ ಚಿತ್ರನಿರ್ಮಾಣದ ಪ್ರಸ್ತಾಪವೇ ಇಲ್ಲ. ಅಂದರೆ ಆಲಿಸ್ ಅಲ್ಲಿ ದುಡಿದ ಅವಧಿಯಷ್ಟೂ ಖಾಲಿ. ಅವರು ಗೋಮೋಂಗೆ ಬರೆದರು. ಅವರೂ ಒಪ್ಪಿ ತಿದ್ದುವುದಾಗಿ ಹೇಳಿದರು. ತಿದ್ದುಪಡಿ ಪ್ರಕಟವಾಗುವ ಮುನ್ನವೇ 1946ರಲ್ಲಿ ತೀರಿಕೊಂಡರು. ಚಲನಚಿತ್ರದ ಇತಿಹಾಸ ಬರೆಯಲು ಕುಳಿತವರು ಹೆಸರಿಲ್ಲದ ಚಿತ್ರಗಳಿಗೆ ತಮಗೆ ಗೊತ್ತಿದ್ದ ಹೆಸರುಗಳನ್ನು ಅಂಟಿಸಿದರು. 'ಕ್ರಿಸ್ತನ ಜೀವನ' ಸಹಾಯಕ ಜಾಸೆಯ ಖಾತೆಗೆ ಹೋಯಿತು. ಯಾರ ಮೇಲೂ ದ್ವೇಷವಿಲ್ಲದೆ, ಬರಿಯ ಅಸಡ್ಡೆಯಿಂದಲೇ ಒಬ್ಬರ ಜೀವಮಾನದ ಕೆಲಸ ಹೀಗೆ ಹಂಚಿಹೋಯಿತು.

ಎಪ್ಪತ್ತು ದಾಟಿದ ಆಲಿಸ್ ನೆನಪಿನಿಂದ ತಮ್ಮ ಚಿತ್ರಗಳ ಪಟ್ಟಿ ತಯಾರಿಸಿದರು, ಆತ್ಮಕಥೆ ಬರೆದರು, ಇತಿಹಾಸಕಾರರಿಗೆ ಕಾಗದ ಬರೆದರು. ಅನ್ಯಾಯವಾಗಿ ಮರೆತುಹೋದವರೆಂದು 1954ರಲ್ಲಿ ಲಿಯೋಂ ಗೋಮೋಂರ ಮಗ ಲೂಯಿ ಬಹಿರಂಗವಾಗಿ ಭಾಷಣ ಮಾಡಿದರು. ಅದೇ ದಶಕದಲ್ಲಿ ಫ್ರೆಂಚ್ ಸರ್ಕಾರ ಗೌರವ ಪದಕ ನೀಡಿತು. ಆತ್ಮಕಥೆಗೆ ಪ್ರಕಾಶಕರು ಸಿಗಲಿಲ್ಲ. 1968ರ ಮಾರ್ಚ್ 24ರಂದು, 94ನೆಯ ವಯಸ್ಸಿನಲ್ಲಿ, ಒಮ್ಮೆ ಸ್ವಂತ ಸ್ಟುಡಿಯೋ ಇದ್ದ ನ್ಯೂಜೆರ್ಸಿಯಲ್ಲೇ ಅವರು ತೀರಿಕೊಂಡರು. ಪುಸ್ತಕ ಹೊರಬಂದದ್ದು 1976ರಲ್ಲಿ.

ಅವರು ಮಾಡಿದ, ಮಾಡಿಸಿದ ಚಿತ್ರಗಳು ಸುಮಾರು ಸಾವಿರವೆಂದು ಅಂದಾಜು. ಈಗ ಉಳಿದಿರುವವು ಸುಮಾರು 150. ಬೇರೆ ಬೇರೆ ದೇಶಗಳ ಸಂಗ್ರಹಾಲಯಗಳಲ್ಲಿ, ಖಾಸಗಿಯವರ ಹಳೆಯ ಪೆಟ್ಟಿಗೆಗಳಲ್ಲಿ ಇವು ಒಂದೊಂದಾಗಿ ಸಿಕ್ಕಿವೆ. ಹೆಸರಿಲ್ಲದ ರೀಲನ್ನು ಗುರುತಿಸುವುದು ಪತ್ತೇದಾರಿಯ ಕೆಲಸ: ಕಂಪನಿಯ ಕ್ಯಾಟಲಾಗಿನ ವಿವರಣೆ, ಚಿತ್ರೀಕರಣದ ವೇಳೆಯ ಛಾಯಾಚಿತ್ರ, ಇನ್ನೊಂದು ಚಿತ್ರದಲ್ಲೂ ಕಾಣುವ ಅದೇ ಪೀಠೋಪಕರಣ, ಇವುಗಳ ಜೊತೆಗೆ ಆ ಮುದುಕಿ ಬರೆದಿಟ್ಟ ಪಟ್ಟಿ.

ಇವುಗಳಲ್ಲಿ ಹಲವನ್ನು ಇಂದು ಇಂಟರ್‌ನೆಟ್ಟಿನಲ್ಲಿ ನೋಡಬಹುದು. ನೋಡುವವರಿಗೆ ಒಂದು ಸೂಚನೆ. ಆಗಿನ ಕ್ಯಾಮೆರಾವನ್ನು ಕೈಯಿಂದ ತಿರುಗಿಸುತ್ತಿದ್ದರು, ಸೆಕೆಂಡಿಗೆ ಸುಮಾರು 16 ಚೌಕಟ್ಟು. ಅದನ್ನು ಈಗಿನ 24ರ ವೇಗದಲ್ಲಿ ಓಡಿಸಿದರೆ ಜನ ಕೀಲುಗೊಂಬೆಗಳಂತೆ ದಡಬಡಿಸುತ್ತಾರೆ. ಮೂಕಿಚಿತ್ರವೆಂದರೆ ಹೀಗೆಯೇ ಎಂಬ ತಪ್ಪುಕಲ್ಪನೆ ಬಂದಿರುವುದು ಇದರಿಂದಲೇ. ಸಂಗ್ರಹಾಲಯಗಳು ವೇಗ ಸರಿಪಡಿಸಿ ಸಿದ್ಧಪಡಿಸಿದ ಪ್ರತಿಗಳನ್ನು ಹುಡುಕಿ ನೋಡಿ. 'ಬೀಳುವ ಎಲೆಗಳು' ಹನ್ನೆರಡು ನಿಮಿಷದ ಚಿತ್ರ. ತಂಗಿ ದಾರ ಹಿಡಿದು ತೋಟಕ್ಕೆ ಬರುವ ದೃಶ್ಯ ಸರಿಯಾದ ವೇಗದಲ್ಲಿದ್ದರೆ, ಆ ಮಗು ಗಂಟು ಹಾಕಲು ಎಷ್ಟು ಹೊತ್ತು ತೆಗೆದುಕೊಳ್ಳುತ್ತದೆ ಎಂಬುದು ನಿಮಗೆ ಕಾಣುತ್ತದೆ.